ಬೆಲೆ ಬೇರೆ, ಬೆಳೆ ಬೇರೆ

ಮಾನ್ಯರೆ,

ಕಾಫಿ ತೋಟದ ಲೈನ್ ಮನೆಗಳಲ್ಲಿ (ಕೆಲಸದವರ ಸಾಲು ಮನೆಗಳಲ್ಲಿ) ಇರುವ ಮಕ್ಕಳಿಗೆ ಕನ್ನಡ ಕಲಿಸೋಕೆ ಮೊಬೈಲ್ ಒಂದಿದ್ದರೆ ಸಾಕು ಅಂತ ಓದುಗರೊಬ್ಬರು ಇಲ್ಲಿ ಬರೆದಿದ್ದರು. ಅವರು ಒಂದು ಸಂಜೆ ಸಿದ್ದಾಪುರದ ನಮ್ಮ ಕಾಫಿ ಕಣಕ್ಕೆ ಬರಲಿ. ಅಸ್ಸಾಮಿನಿಂದ ಬಂದ ತೋಟದ ಕೆಲಸದವರ ಏಳು ಮಕ್ಕಳಿಗೆ ಎರಡು ವರ್ಷದಿಂದ ಅಲ್ಲೇ ಕನ್ನಡ ಹೇಳಿಕೊಡುತ್ತಿದ್ದೇನೆ.

ನಾನೂ ಮೊದಲು ಫೋನನ್ನೇ ನಂಬಿದ್ದೆ. ಮಳೆಗಾಲದಲ್ಲಿ ವಿಡಿಯೊ ಕಾಲ್ ಪಾಠ. ಒಬ್ಬ ಹುಡುಗ "ಈ ವರ್ಷ ಬೆಲೆ ಚೆನ್ನಾಗಿದೆ" ಅಂದ. ರೊಬಸ್ಟಾ ಕಾಫಿ ರೇಟಿನ ಬಗ್ಗೆ ಇವನಿಗೆ ಹೇಗೆ ಗೊತ್ತು ಅಂತ ನನಗೆ ಆಶ್ಚರ್ಯ. ಅವನು ಹೇಳಬೇಕೆಂದಿದ್ದು ಬೆಳೆ! ಅಸ್ಸಾಮಿ ಮಾತಿನಲ್ಲಿ ಳ ಇಲ್ಲ, ತ ಮತ್ತು ಟ ಬರೆಯುವಾಗ ಬೇರೆ, ಬಾಯಲ್ಲಿ ಒಂದೇ. ಫೋನಿನಲ್ಲಿ ಹತ್ತು ಸಲ ತಿದ್ದಿದೆ, ಹತ್ತು ಸಲವೂ ಬೆಲೆಯೇ ಬಂತು. ಮಳೆ ಬಿಟ್ಟ ಮೇಲೆ ಎದುರು ಕೂರಿಸಿಕೊಂಡು, ಬಾಯಿ ತೆರೆದು, ನಾಲಿಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಿ ತೋರಿಸಿದೆ. ಮೂರನೇ ದಿನ ಸರಿಹೋಯಿತು. (ಆಮೇಲೆ ಅಂಗಡಿಯಲ್ಲಿ "ಅರ್ಧ ಲೀಟರ್ ಹಾಳು ಕೊಡಿ" ಅಂದನಂತೆ, ಅದು ಬಿಡಿ.)

ಫೋನ್ ದಂಡ ಅಂತ ಅಲ್ಲ. ಒಬ್ಬಳು ಹುಡುಗಿ ಒತ್ತಕ್ಷರಗಳನ್ನು ವಿಡಿಯೊ ನೋಡಿಯೇ ಕಲಿತಳು, ನಿಲ್ಲಿಸಿ ನಿಲ್ಲಿಸಿ ನೋಡುತ್ತಾಳೆ, ಅಷ್ಟು ತಾಳ್ಮೆ ನನಗಿಲ್ಲ. ಆದರೆ ಮಾತು? ಮನೆಯಲ್ಲಿ ಕನ್ನಡ ಕೇಳದ ಮಗುವಿಗೆ ಅದು ಬರುವುದು ಚೆಂಡಿಗಾಗಿ ಜಗಳ ಆಡುವಾಗ. ಆನ್‌ಲೈನ್ ಕ್ಲಾಸಿನಲ್ಲಿ ಎಲ್ಲರೂ ಮ್ಯೂಟ್, ಅಲ್ವಾ? ನಮ್ಮ ಮನೆಯಲ್ಲೂ ಕೊಡವ ತಕ್ಕೇ (ಕೊಡವ ಭಾಷೆ) ಆಡುವುದು, ನನಗೆ ಕನ್ನಡ ಬಂದದ್ದು ಶಾಲೆಯ ಅಂಗಳದಲ್ಲಿ.

ನೆಟ್‌ವರ್ಕ್ ವಿಷಯ ಜಾಸ್ತಿ ಹೇಳಲ್ಲ. 2021ರಲ್ಲಿ ನಮ್ಮ ಜಿಲ್ಲೆಯದೇ ಮುಳ್ಳೂರಿನ ಮೇಷ್ಟ್ರೊಬ್ಬರು ಸಿಗ್ನಲ್‌ಗಾಗಿ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಆನ್‌ಲೈನ್ ಪಾಠ ಮಾಡಿದರು. ಅವರಿಗೆ ಕೈ ಮುಗಿಯುತ್ತೇನೆ, ಆದರೆ ಎಲ್ಲ ಟೀಚರ್‌ಗಳೂ ಮರ ಹತ್ತೋಕಾಗುತ್ತಾ?

ರಾಜ್ಯದ ಎಲ್ಲ ಶಾಲೆಗಳೂ ಕನ್ನಡವನ್ನು ಮೊದಲ ಅಥವಾ ಎರಡನೇ ಭಾಷೆಯಾಗಿ ಕಲಿಸಬೇಕು ಅಂತ 2015ರ ಕಾಯ್ದೆ ಹೇಳುತ್ತದೆ. ಈ ಮಕ್ಕಳೋ, ಅಕ್ಷರವೇ ಗೊತ್ತಿಲ್ಲದೆ ನೇರ ನಾಲ್ಕನೇ ಕ್ಲಾಸಿಗೆ ಬಂದು ಕೂರುತ್ತಾರೆ. ತೋಟಗಳ ಸುತ್ತಲಿನ ಶಾಲೆಗಳಿಗೆ ಒಬ್ಬೊಬ್ಬ ಅತಿಥಿ ಶಿಕ್ಷಕರನ್ನು ಕೊಡಿ, ದಿನಕ್ಕೆ ಒಂದು ಗಂಟೆ ಇವರ ಜೊತೆ ಕೂತು ಮಾತಾಡಿದರೆ ಸಾಕು. ಕೊಯ್ಲಿಗೆ ಮೊದಲೇ ಆದರೆ ಒಳ್ಳೆಯದು. ಕೊಯ್ಲು ಶುರುವಾದರೆ ಹೊಸ ಮಕ್ಕಳೂ ಬರುತ್ತಾರೆ, ನಮ್ಮ ಕಣದ ತುಂಬ ಕಾಫಿ ಹರಡಿರುತ್ತದೆ, ಪಾಠಕ್ಕೆ ಜಾಗ ಇರುವುದಿಲ್ಲ.

– ಕಾಫಿ ಬೆಳೆಗಾರರ ಮನೆಯವಳು, ಸಿದ್ದಾಪುರ, ಕೊಡಗು