ಕನ್ಸೋಲ್ ಅದೇ, ಚಿತ್ರ ಮಾತ್ರ ಬೇರೆ ಏಕೆ?

ಮಾನ್ಯ ಸಂಪಾದಕರೇ,

ಹೊಸ ಗೇಮ್ ಕನ್ಸೋಲ್ ಬಂದ ವರ್ಷವೇ ಅದರ ಆಟಗಳನ್ನು ನೋಡಿ 'ಇಷ್ಟೇನಾ?' ಎಂದು ಮೂಗು ಮುರಿಯುವವರಿದ್ದಾರೆ. ಆರೇಳು ವರ್ಷ ಕಳೆದು ಅದೇ ಪೆಟ್ಟಿಗೆಯಲ್ಲಿ ಕಣ್ಣು ಕುಕ್ಕುವ ಆಟ ಬಂದಾಗ, ಕಂಪನಿಯವರು ಮೊದಲು ಶಕ್ತಿಯನ್ನು ಬಚ್ಚಿಟ್ಟಿದ್ದರು ಎಂಬ ಗುಮಾನಿ ಶುರುವಾಗುತ್ತದೆ. ಬಚ್ಚಿಟ್ಟಿದ್ದಕ್ಕಿಂತ ಪೋಲಾಗುತ್ತಿದ್ದುದೇ ಹೆಚ್ಚು.

ಸೆಕೆಂಡಿಗೆ 30 ಫ್ರೇಮ್ (ಒಂದರ ಹಿಂದೊಂದು ಬರುವ ಸ್ಥಿರಚಿತ್ರ) ತೋರಿಸುವ ಆಟಕ್ಕೆ ಒಂದು ಫ್ರೇಮ್ ಬಿಡಿಸಲು ಸಿಗುವುದು ಸುಮಾರು 33 ಮಿಲಿಸೆಕೆಂಡ್. 60 ಆದರೆ ಅದರ ಅರ್ಧ. ಆರಂಭದ ಆಟಗಳಲ್ಲಿ ಇದರಲ್ಲಿ ಎಷ್ಟೋ ಸಮಯ ಕಾಯುವುದರಲ್ಲೇ ಹೋಗುತ್ತದೆ. ಗ್ರಾಫಿಕ್ಸ್ ಚಿಪ್ ಪ್ರೊಸೆಸರ್‌ಗೆ ಕಾಯುತ್ತದೆ, ಪ್ರೊಸೆಸರ್ ಮೆಮೊರಿಗೆ ಕಾಯುತ್ತದೆ.

2006ರ ಪ್ಲೇಸ್ಟೇಷನ್ 3 ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಸೆಲ್ ಪ್ರೊಸೆಸರ್‌ನಲ್ಲಿ ಒಂದು ಮುಖ್ಯ ಕೋರ್ (ಲೆಕ್ಕ ಮಾಡುವ ಘಟಕ), ಜೊತೆಗೆ ಆಟಗಳ ಬಳಕೆಗೆ ಎಸ್‌ಪಿಯು ಎಂಬ ಆರು ಸಹಾಯಕ ಕೋರ್‌ಗಳು. ಪ್ರತಿ ಎಸ್‌ಪಿಯುಗೂ ಸ್ವಂತ ಮೆಮೊರಿ 256 ಕಿಲೋಬೈಟ್ ಅಷ್ಟೇ. ಕೋಡ್, ಡೇಟಾ ಎರಡೂ ಅದರೊಳಗೇ ಹಿಡಿಯಬೇಕು. ಮುಖ್ಯ ಮೆಮೊರಿಯಲ್ಲಿರುವುದನ್ನು ಡಿಎಂಎ (ಮೆಮೊರಿಯಿಂದ ಮೆಮೊರಿಗೆ ಡೇಟಾ ಸಾಗಿಸುವ ವ್ಯವಸ್ಥೆ) ಮೂಲಕ ತರಿಸಿಕೊಂಡೇ ಬಳಸಬೇಕು. ಪಾಯಿಂಟರ್ (ಡೇಟಾ ಇರುವ ಜಾಗದ ವಿಳಾಸ) ಹಿಡಿದು ಮೆಮೊರಿ ತುಂಬ ಅಲೆಯುವ ಪಿಸಿ ಶೈಲಿಯ ಕೋಡ್ ಇಲ್ಲಿ ಮುಗ್ಗರಿಸುತ್ತದೆ. ಹಾಗಾಗಿ ಮೊದಮೊದಲ ಅನೇಕ ಆಟಗಳು ಹೆಚ್ಚಿನ ಕೆಲಸವನ್ನು ಮುಖ್ಯ ಕೋರ್‌ನ ತಲೆಗೇ ಕಟ್ಟಿದವು, ಎಸ್‌ಪಿಯುಗಳು ಬಹುಪಾಲು ಸುಮ್ಮನೆ ಕೂತವು.

ಪರಿಹಾರವೇನೋ ಇತ್ತು. ಡೇಟಾವನ್ನು ಸಾಲಾಗಿ ಜೋಡಿಸಿ, ಸಣ್ಣ ತುಂಡು ಮಾಡಿ, ಎರಡು ಬಫರ್ (ಡೇಟಾವನ್ನು ತಾತ್ಕಾಲಿಕವಾಗಿ ಇಡುವ ಜಾಗ) ಇಡಬೇಕು: ಒಂದರಲ್ಲಿ ಲೆಕ್ಕ ನಡೆಯುವಾಗಲೇ ಇನ್ನೊಂದಕ್ಕೆ ಮುಂದಿನ ತುಂಡು ಬಂದು ಬೀಳುತ್ತಿರಬೇಕು. ಆದರೆ ಇದಕ್ಕೆ ಇಂಜಿನ್ನಿನ (ಆಟವನ್ನು ನಡೆಸುವ ಮೂಲ ಸಾಫ್ಟ್‌ವೇರ್‌ನ) ಡೇಟಾ ರಚನೆಯನ್ನೇ ಬುಡದಿಂದ ಬದಲಿಸಬೇಕು. ಬಿಡುಗಡೆಯ ಗಡುವು ಕುತ್ತಿಗೆಗೆ ಬಂದಾಗ ಆಗುವ ಕೆಲಸವಲ್ಲ ಅದು, ಅದರಲ್ಲೂ ಅಂತಿಮ ಹಾರ್ಡ್‌ವೇರ್ ಕೈಸೇರುವುದೇ ತಡವಾಗಿರುವಾಗ. ಫಲ ಕಂಡದ್ದು ಎರಡನೇ, ಮೂರನೇ ಆಟಗಳಲ್ಲಿ. ಆಟದ ದೃಶ್ಯವೆಲ್ಲ ಪುಟ್ಟ ತ್ರಿಕೋನಗಳಿಂದ ಕಟ್ಟಿದ್ದು; ತೆರೆಯ ಮೇಲೆ ಕಾಣದ ತ್ರಿಕೋನಗಳನ್ನು ಎಸ್‌ಪಿಯುಗಳೇ ಜರಡಿ ಹಿಡಿದು, ಉಳಿದವನ್ನಷ್ಟೇ ಗ್ರಾಫಿಕ್ಸ್ ಚಿಪ್‌ಗೆ ಕೊಡತೊಡಗಿದವು. 2010ರ 'ಗಾಡ್ ಆಫ್ ವಾರ್ 3'ರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಅಂಚುಗಳನ್ನು ನಯಗೊಳಿಸುವ ಕೆಲಸವೂ ಎಸ್‌ಪಿಯುಗಳ ಪಾಲಾಯಿತು. ಹೀಗೆ ಚಿಪ್‌ಗೆ ಉಳಿದ ಒಂದೊಂದು ಮಿಲಿಸೆಕೆಂಡೂ ಬೆಳಕು, ನೆರಳುಗಳಿಗೆ ಸಿಕ್ಕಿತು.

ಹಾಗೆಂದು ಗುಮಾನಿ ಪೂರ್ತಿ ಸುಳ್ಳೂ ಅಲ್ಲ. 2013ರ ಎಕ್ಸ್‌ಬಾಕ್ಸ್ ಒನ್ ತನ್ನ ಗ್ರಾಫಿಕ್ಸ್ ಶಕ್ತಿಯ ಸುಮಾರು ಶೇ 10ರಷ್ಟನ್ನು ಕಿನೆಕ್ಟ್ ಕ್ಯಾಮೆರಾ ಮತ್ತು ಸಿಸ್ಟಂ ಕೆಲಸಗಳಿಗೆ ಮೀಸಲಿಟ್ಟಿತ್ತು. ಮರುವರ್ಷ ಅದನ್ನು ಆಟಗಳಿಗೆ ಬಿಟ್ಟುಕೊಟ್ಟರು.

ಇನ್ನು, ಎಲ್ಲ ಸುಧಾರಣೆಯೂ ಪುಕ್ಕಟೆಯಲ್ಲ. ಅಲುಗದ ವಸ್ತುಗಳ ಮೇಲಿನ ಬೆಳಕನ್ನು ಮೊದಲೇ ಲೆಕ್ಕಹಾಕಿ ಟೆಕ್ಸ್‌ಚರ್‌ನಲ್ಲಿ (ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರದಲ್ಲಿ) ಕೂರಿಸಿದರೆ ಆಟ ನಡೆಯುವಾಗ ಖರ್ಚು ಕಡಿಮೆ, ಆದರೆ ಆ ದೀಪವನ್ನು ಆಮೇಲೆ ಸರಿಸುವಂತಿಲ್ಲ. ರೆಸಲ್ಯೂಷನ್ (ಚಿತ್ರದಲ್ಲಿನ ಚುಕ್ಕಿಗಳ ಸಂಖ್ಯೆ) ಇಳಿಸಿ ಎಫೆಕ್ಟ್ ಏರಿಸುವುದೂ ಉಂಟು. 2005ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದ 'ಶ್ಯಾಡೋ ಆಫ್ ದ ಕೊಲಾಸಸ್' ಅದ್ಭುತವಾಗಿ ಕಂಡಿತು, ನಿಜ. ಆದರೆ ದೈತ್ಯರು ಎದುರಾದಾಗ ಫ್ರೇಮ್ ರೇಟ್ ಸೆಕೆಂಡಿಗೆ 30ಕ್ಕಿಂತ ಎಷ್ಟೋ ಕೆಳಗೆ ಕುಸಿಯುತ್ತಿತ್ತು. ಸ್ಕ್ರೀನ್‌ಶಾಟ್‌ನಲ್ಲಿ ಇದು ಕಾಣುವುದಿಲ್ಲ.

ಆದ್ದರಿಂದ ತಮ್ಮ ಪತ್ರಿಕೆಯ ಗೇಮ್ ವಿಮರ್ಶೆಗಳಲ್ಲಿ ಚಿತ್ರದ ಜೊತೆಗೆ ರೆಸಲ್ಯೂಷನ್ ಎಷ್ಟು, ಗದ್ದಲದ ದೃಶ್ಯದಲ್ಲಿ ಫ್ರೇಮ್ ರೇಟ್ ಎಲ್ಲಿಗೆ ಇಳಿಯುತ್ತದೆ ಎಂಬ ಎರಡು ಅಂಕಿಗಳನ್ನೂ ಅಚ್ಚು ಹಾಕಿದರೆ ಓದುಗರಿಗೆ ಉಪಕಾರವಾಗುತ್ತದೆ.

ಇಂತಿ,
ಒಬ್ಬ ಗ್ರಾಫಿಕ್ಸ್ ಪ್ರೋಗ್ರಾಮರ್