ಸ್ಕೀಯಿಂಗ್‌ಗೆ ಅರ್ಧ ಗಂಟೆ ಸಾಲದು

ಮಾನ್ಯರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಹಿಮದ ಊರುಗಳ ಪ್ರವಾಸ ಲೇಖನ ಓದಿದೆ. ದಾರಿ, ಹೋಟೆಲು, ಊಟ ಎಲ್ಲದರ ವಿವರ ಚೆನ್ನಾಗಿತ್ತು. ಆದರೆ ಸ್ಕೀಯಿಂಗ್ ಬಗ್ಗೆ ಬರೆದ ನಾಲ್ಕು ಸಾಲಿಗೆ ನನ್ನ ತಕರಾರಿದೆ. ಅದು ಯುವಕರ ಆಟವಂತೆ, ಅರ್ಧ ಗಂಟೆ ಇದ್ದರೆ ಸಾಕಂತೆ. ಎರಡೂ ಸರಿಯಲ್ಲ. ನಾನು ಆಲ್ದೂರು ಕಡೆಯವಳು, ನಮ್ಮದು ಸಣ್ಣ ಅರೇಬಿಕಾ ಕಾಫಿ ತೋಟ. ಐವತ್ತು ದಾಟಿದ ಮೇಲೆ ಉತ್ತರಾಖಂಡದ ಔಲಿಯಲ್ಲಿ ಸ್ಕೀಯಿಂಗ್ ಕಲಿತೆ.

ಆ ಅರ್ಧ ಗಂಟೆಯ ರುಚಿಯನ್ನೂ ನೋಡಿದ್ದೇನೆ. ಹಿಂದೊಮ್ಮೆ ಮನೆಯವರ ಜೊತೆ ಉತ್ತರದ ಕಡೆ ಪ್ರವಾಸ ಹೋಗಿದ್ದಾಗ ರಸ್ತೆ ಬದಿಯಲ್ಲೇ ಬೂಟು, ಸ್ಕೀ (ಹಿಮದ ಮೇಲೆ ಜಾರಲು ಬೂಟಿನಡಿ ಹಾಕುವ ಉದ್ದ ಹಲಗೆ) ಬಾಡಿಗೆಗೆ ಕೊಡುತ್ತಿದ್ದರು. ಕಾಲಿನ ಅಳತೆ ಕೇಳಿದರು, ಅಷ್ಟೇ. ಒಬ್ಬ ಹುಡುಗ ಕೋಲು ಹಿಡಿದು ನನ್ನನ್ನು ಎಳೆದುಕೊಂಡು ಹೋದ, ಇನ್ನೊಬ್ಬ ಫೋಟೊ ತೆಗೆದ. ನಿಲ್ಲಿಸುವುದು ಹೇಗೆ, ಬೀಳುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಬಿದ್ದೆ. ಸ್ಕೀ ಕಾಲಿಗೇ ಅಂಟಿಕೊಂಡಿತ್ತು, ಮೊಣಕಾಲು ತಿರುಚಿತು. ಊರಿಗೆ ಬಂದ ಮೇಲೂ ಬಹಳ ದಿನ ತೋಟದ ಏರು ಹತ್ತಲಾಗಲಿಲ್ಲ.

ಸ್ಕೀ ಯಾಕೆ ಕಳಚಲಿಲ್ಲ ಅಂತ ಗೊತ್ತಾಗಿದ್ದು ಔಲಿಯಲ್ಲಿ. ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗಕ್ಕೆ ಬೈಂಡಿಂಗ್ ಅನ್ನುತ್ತಾರೆ. ಮೊದಲು ಬೂಟಿನ ಮೂತಿ ಒಳಗೆ ಸಿಕ್ಕಿಸಬೇಕು, ಆಮೇಲೆ ಹಿಮ್ಮಡಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಅಟ್ಟೆಗೆ ಹಿಮ ಮೆತ್ತಿಕೊಂಡಿದ್ದರೆ ಎಷ್ಟು ಒತ್ತಿದರೂ ಕೂರಲ್ಲ, ಕೋಲಿನ ತುದಿಯಿಂದ ಕೆರೆದು ತೆಗೆಯಬೇಕು. ಜೋರಾಗಿ ಬಿದ್ದಾಗ ಬೈಂಡಿಂಗ್ ತಾನಾಗಿ ಬಿಟ್ಟುಕೊಂಡು ಕಾಲನ್ನು ಉಳಿಸಬೇಕು, ಅದು ಇರುವುದೇ ಅದಕ್ಕೆ. ಎಷ್ಟು ಒತ್ತಡಕ್ಕೆ ಬಿಡಬೇಕು ಅನ್ನುವುದನ್ನು ಒಂದು ಸ್ಕ್ರೂ ತಿರುಗಿಸಿ ಹೊಂದಿಸುತ್ತಾರೆ. ಪಕ್ಕದಲ್ಲೇ ಚಿಕ್ಕ ಕಿಂಡಿಯಲ್ಲಿ ಅಂಕಿ ಕಾಣುತ್ತದೆ. ತೂಕ, ಎತ್ತರ, ಬೂಟಿನ ಉದ್ದ, ಆಟದ ಅನುಭವ, ವಯಸ್ಸು ಎಲ್ಲ ಲೆಕ್ಕಕ್ಕೆ ಬರುತ್ತದೆ. 50 ದಾಟಿದವರಿಗೆ ಒಂದು ಹಂತ ಸಡಿಲ ಇಡಬೇಕು ಅಂತ ಅದರ ಪಟ್ಟಿಯಲ್ಲೇ ಇದೆ. ಅಂದರೆ ಈ ವಯಸ್ಸಿನವರೂ ಬರುತ್ತಾರೆ ಅಂತ ಪಟ್ಟಿ ಮಾಡಿದವರಿಗೆ ಗೊತ್ತಿತ್ತು, ನಿಮ್ಮ ಪುರವಣಿಗೆ ಮಾತ್ರ ಗೊತ್ತಿರಲಿಲ್ಲ ಅಲ್ವಾ? ರಸ್ತೆ ಬದಿಯಲ್ಲಿ ನನ್ನ ತೂಕವನ್ನೂ ಯಾರೂ ಕೇಳಿರಲಿಲ್ಲ.

ಔಲಿಗೆ ಹೋಗಿದ್ದು ನಾನು ಮತ್ತು ನಮ್ಮ ನಾದಿನಿ. ಫೆಬ್ರುವರಿ ನಮಗೆ ಅನುಕೂಲದ ತಿಂಗಳು. ಅರೇಬಿಕಾ ಕೊಯ್ಲು ಮುಗಿದಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಗೆ ಇನ್ನೂ ಸಮಯ ಇರುತ್ತದೆ. ಕಣದಲ್ಲಿ ಉಳಿದ ಕಾಫಿಯನ್ನು ಮನೆಯವರಿಗೆ ವಹಿಸಿ ಹೊರಟೆವು. ಅತ್ತೆಗೆ ಸ್ಕೀಯಿಂಗ್ ಅಂದರೆ ಏನು ಅಂತ ಹೇಳಿ ಹೇಳಿ ಸಾಕಾಯಿತು. ಕೊನೆಗೆ ಜ್ಯೋತಿರ್ಮಠದ ಹತ್ತಿರ ಅಂದೆ. ಶೃಂಗೇರಿಗೆ ನಡೆದುಕೊಳ್ಳುವ ಮನೆ ನಮ್ಮದು. ಶಂಕರಾಚಾರ್ಯರ ಇನ್ನೊಂದು ಪೀಠ ಅಂದಮೇಲೆ ಅವರೇ ಬ್ಯಾಗಿಗೆ ಚಕ್ಕುಲಿ ತುಂಬಿ ಕಳಿಸಿದರು.

ಬದರಿಗೆ ಹೋದವರಿಗೆ ಗೊತ್ತಿರುವ ದಾರಿಯೇ. ಋಷಿಕೇಶದಿಂದ ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ದಾಟಿ ಜೋಶಿಮಠ (ಜ್ಯೋತಿರ್ಮಠ ಅಂದರೂ ಇದೇ ಊರು), ಅಲ್ಲಿಂದ ಮೇಲೆ ಔಲಿ. ನಡುವೆ ಸುಮಾರು 4 ಕಿ.ಮೀ. ಉದ್ದದ ರೋಪ್‌ವೇ ಇದೆ. 2023ರ ಜನವರಿಯಲ್ಲಿ ಜೋಶಿಮಠದ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ಅದನ್ನು ನಿಲ್ಲಿಸಿದರು. ನಾವು ಜೀಪಿನಲ್ಲಿ ಹತ್ತಿದೆವು. ಬಿರುಕು ಬಿಟ್ಟ ಗೋಡೆಗಳನ್ನು ನೋಡುವಾಗ 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಗುಡ್ಡ ಜರುಗಿದ್ದು ನೆನಪಾಗಿ ನಾದಿನಿ ಮಾತೇ ನಿಲ್ಲಿಸಿಬಿಟ್ಟಳು. ಅವಳ ತವರಿನ ಕಡೆಯ ಬಂಧುಗಳು ಆಗ ಗದ್ದೆ ಕಳೆದುಕೊಂಡವರು.

ಔಲಿಯಲ್ಲಿ ಗಢವಾಲ್ ಮಂಡಲ ವಿಕಾಸ ನಿಗಮ 7 ದಿನದ ಮತ್ತು 14 ದಿನದ ತರಬೇತಿ ನಡೆಸುತ್ತದೆ. ಸರ್ಕಾರದ್ದೇ ಸಂಸ್ಥೆ. ಒಂದು ಮಾತು, ನಮ್ಮ ಮುಳ್ಳಯ್ಯನಗಿರಿ 1,925 ಮೀಟರ್. ಔಲಿಯ ಇಳಿಜಾರು ಸುಮಾರು 2,500 ಮೀಟರ್‌ನಿಂದ 3,000 ಮೀಟರ್‌ವರೆಗೆ. ಬೂಟು ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೋದ ದಿನವೇ ಶುರು ಮಾಡದೆ ಒಂದು ದಿನ ಸುಮ್ನೆ ಓಡಾಡಿಕೊಂಡು ಇರುವುದು ಒಳ್ಳೆಯದು.

ಕಲಿಯುವಾಗ ನಮ್ಮ ಮಲೆನಾಡಿನವರಿಗೆ ಒಂದು ವಿಶೇಷ ತೊಂದರೆ ಇದೆ. ಮಳೆಗಾಲದಲ್ಲಿ ತೋಟದ ಜಾರು ದಾರಿ ಇಳಿಯುವಾಗ ನಾವು ಹೇಗೆ ಇಳಿಯುತ್ತೇವೆ? ಹಿಮ್ಮಡಿ ಊರಿ, ಮೈಯನ್ನು ಹಿಂದಕ್ಕೆ ಹಾಕಿ, ಅಕಸ್ಮಾತ್ ಜಾರಿದರೂ ಕುಂಡಿ ಮೇಲೆ ಕೂರುವ ಹಾಗೆ. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಸ್ಕೀ ಮೇಲೆ ಇದು ಪೂರ್ತಿ ಉಲ್ಟಾ. ಹಿಂದಕ್ಕೆ ವಾಲಿದರೆ ಸ್ಕೀಯ ಮುಂಭಾಗದ ಮೇಲೆ ಭಾರವೇ ಇರಲ್ಲ. ಅದು ಹೇಳಿದ ಮಾತು ಕೇಳದೆ ಓಡುತ್ತದೆ. ಮೊಣಕಾಲು ಬಗ್ಗಿಸಿ, ಕಣಕಾಲಿನ ಮೇಲಿನ ಎಲುಬು ಬೂಟಿನ ಮುಂಭಾಗಕ್ಕೆ ಒತ್ತುವ ಹಾಗೆ, ಕಣಿವೆಯ ಕಡೆಗೇ ಬಾಗಬೇಕು. ಎದುರಿಗೆ ಇಳಿಜಾರು ಕಾಣುವಾಗ ಮುಂದಕ್ಕೆ ಬಾಗು ಅಂದರೆ ಜೀವ ಒಪ್ಪಬೇಕಲ್ಲ! 'ಆಗೇ, ಮಾತಾಜಿ, ಆಗೇ' ಅಂತ ಕಲಿಸುವ ಹುಡುಗ ಕೂಗುತ್ತಲೇ ಇದ್ದ. ನಿಲ್ಲಿಸುವ ಉಪಾಯ ಸ್ನೋ ಪ್ಲೋ. ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಂಭಾಗ ಅಗಲಿಸಿ, ಒಳ ಅಂಚಿನ ಮೇಲೆ ಭಾರ ಹಾಕುವುದು. ಅದು ಕೈಗೆ ಹತ್ತಿದ ಮೇಲೆ ಭಯ ಅರ್ಧ ಹೋಯಿತು. ತೊಡೆ ಉರಿ ಮಾತ್ರ ಹೋಗಲಿಲ್ಲ.

ಬಿದ್ದಾಗ ಏಳುವುದನ್ನೂ ಕಲಿಸುತ್ತಾರೆ. ಎರಡೂ ಸ್ಕೀಗಳನ್ನು ದೇಹದಿಂದ ಕೆಳಗೆ ತಂದು, ಇಳಿಜಾರಿಗೆ ಅಡ್ಡವಾಗಿ ಇಟ್ಟುಕೊಂಡರೆ ಏಳಬಹುದು. ಉದ್ದಕ್ಕೆ ಇಟ್ಟುಕೊಂಡರೆ ಅರ್ಧ ಎದ್ದ ಹಾಗೇ ಜಾರಿಕೊಂಡು ಹೋಗುತ್ತೇವೆ. ನಮ್ಮ ಗುಂಪಿನಲ್ಲಿದ್ದ ಕಾಲೇಜು ಹುಡುಗರು ನಮಗಿಂತ ಜಾಸ್ತಿ ಬಿದ್ದರು. ಅವರಿಗೆ ನಿಲ್ಲಿಸುವುದು ಕಲಿಯುವ ವ್ಯವಧಾನ ಇರಲಿಲ್ಲ. ನಿಧಾನವಾಗಿ ಕಲಿಯುವುದು ನಮ್ಮ ವಯಸ್ಸಿಗೆ ಸಹಜವಾಗಿ ಬರುತ್ತದೆ.

ಈ ಆಟ ನಮ್ಮವರಿಗಲ್ಲ ಅನ್ನುವವರಿಗೆ ಪಕ್ಕದ ಕೊಡಗನ್ನು ತೋರಿಸುತ್ತೇನೆ. ಅಲ್ಲಿನ ಭವಾನಿ ತೆಕ್ಕಡ ನಂಜುಂಡ 2025ರಲ್ಲಿ ಚಿಲಿಯಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದರು. ಹಿಮ ಬೀಳದ ಜಿಲ್ಲೆಯ ಹೆಣ್ಣುಮಗಳು.

ಇನ್ನೊಂದು ವಿಷಯವನ್ನೂ ಓದುಗರಿಗೆ ತಿಳಿಸಿ. ಔಲಿಯಲ್ಲಿ ಹಿಮ ಗ್ಯಾರಂಟಿ ಅಲ್ಲ. ಹಿಮ ಸಾಲದೆ ಅಲ್ಲಿನ ಸ್ಪರ್ಧೆಗಳೇ ಮುಂದಕ್ಕೆ ಹೋದದ್ದುಂಟು. ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸಬೇಕು. ಬಿಸಿಲು ಬಿದ್ದ ಹಿಮ ಕಣ್ಣಿಗೆ ಕೆಟ್ಟದ್ದು, ಕಪ್ಪು ಕನ್ನಡಕ ಬೇಕೇ ಬೇಕು.

ಮುಂದಿನ ಸಲ ಇಂಥ ಪುರವಣಿ ಮಾಡುವಾಗ ಬೈಂಡಿಂಗ್ ಬಗ್ಗೆ ಒಂದು ಪ್ಯಾರಾ ಹಾಕಿ. ಬಾಡಿಗೆಗೆ ಕೊಡುವವರು ತೂಕ, ವಯಸ್ಸು ಕೇಳದಿದ್ದರೆ ನೀವೇ ಹೇಳಿ, ಸ್ಕ್ರೂ ಹೊಂದಿಸಿದ ಮೇಲೆ ಸ್ಕೀ ಹಾಕಿಕೊಳ್ಳಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಒಂದು ವಾರದ ತರಬೇತಿಯ ವಿವರವನ್ನೂ ಕೊಡಿ. ರೈಲಿನ ಮುಂಗಡ ಬುಕಿಂಗ್ ಶುರುವಾಗುವುದು 60 ದಿನ ಮೊದಲು. ಹಾಗಾಗಿ ಲೇಖನ ಜನವರಿಗೆ ಬಂದರೆ ಪ್ರಯೋಜನವಿಲ್ಲ. ನವೆಂಬರ್ ಮೊದಲ ವಾರದಲ್ಲೇ ಹಾಕಿಬಿಡಿ. ಕೊಯ್ಲು ಬಿರುಸಾದ ಮೇಲೆ ನಮ್ಮ ಕಡೆ ಪೇಪರ್ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ.

– ಒಬ್ಬ ಕಾಫಿ ಬೆಳೆಗಾರ್ತಿ, ಆಲ್ದೂರು, ಚಿಕ್ಕಮಗಳೂರು