ದೊಡ್ಮನೆಯ ವಕೀಲರು ಕಟ್ಟಿದ ಪಂಚಾಯಿತಿ ಎಲ್ಲಿ?

ಸಂಪಾದಕರೇ,

2026ರ ಆಗಸ್ಟ್ 29ಕ್ಕೆ ರಾಮಕೃಷ್ಣ ಹೆಗಡೆಯವರು ಹುಟ್ಟಿ 100 ವರ್ಷ. ಸಿದ್ದಾಪುರದ ದೊಡ್ಮನೆಯವರು, ಲಖನೌದಲ್ಲಿ ಕಾನೂನು ಓದಿ ವಕೀಲರಾದವರು, 1957ರಲ್ಲೇ ವಿಧಾನಸಭೆಗೆ ಹೋದರು. ಆಮೇಲೆ ಮಂತ್ರಿ, 1983ರಲ್ಲಿ ಮುಖ್ಯಮಂತ್ರಿ. ಬಜೆಟ್ ಮಂಡಿಸಿದ್ದು 13 ಸಲ! 1984ರ ಲೋಕಾಯುಕ್ತ ಕಾಯ್ದೆ ಬಂದಿದ್ದೂ ಅವರ ಕಾಲದಲ್ಲೇ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಅವರು ತಮ್ಮ ಸಂಪುಟದ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರ ಜೊತೆ ಸೇರಿ ತಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ವ್ಯವಸ್ಥೆ. 1987ರ ಚುನಾವಣೆಯಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿತ್ತು, ದೇಶದ ಪಂಚಾಯಿತಿಗಳಲ್ಲೆಲ್ಲ ಹೆಂಗಸರಿಗೆ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿಗಿಂತ ಎಷ್ಟೋ ಮೊದಲೇ, ಅಲ್ವಾ? ಕಾನೂನು ಓದಿದವರು ಶಾಸನಸಭೆಗೆ ಹೋದರೆ ಏನು ಮಾಡಬಹುದು ಅಂತ ತೋರಿಸಿಕೊಟ್ಟರು.

ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ, ತಾಲೂಕು ಪಂಚಾಯಿತಿಗಳು ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲೇ ಉಳಿದವು. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಕೊಚ್ಚಿಹೋದರೆ ಮಕ್ಕಳು ಶಾಲೆಗೆ ಹೋಗೋದು ಹೇಗೆ? ಆಗ ನಾವೇ ಓಟು ಹಾಕಿ ಕಳಿಸಿದ ತಾಲೂಕು ಸದಸ್ಯರೊಬ್ಬರು ಇರಬೇಕಲ್ಲ. ಶಿರಸಿಯಲ್ಲಿ ಸುಮ್ನೆ ಹಾರ ಹಾಕಿ ಭಾಷಣ ಮಾಡೋದು ಬೇಡ. ಈ ಚುನಾವಣೆಗಳನ್ನು ಸರಿಯಾದ ಸಮಯಕ್ಕೆ ನಡೆಸಿ ಅಂತ ನಮ್ಮ ಜಿಲ್ಲೆಯ ಶಾಸಕರೆಲ್ಲ ಸದನದಲ್ಲಿ ಪಟ್ಟು ಹಿಡಿಯಲಿ.

– ಓದುಗ, ಶಿರಸಿ